ಫೌಂಟೇನ್ ಯುದ್ಧ 2013: ಚಂದ್ರನಿಗಾಗಿಯಾ, ಹಳೇ ಸಿಟ್ಟಿಗಾಗಿಯಾ?

ಕುಂಬಳೆ_ಕೋಟೆ
ಎಲ್ಲರಿಗೂ ನಮಸ್ಕಾರ. ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶ ಆಟದ ಬಗ್ಗೆ ಯಾರು ಬರೆದರೂ ಬಿ-ಆರ್5ಆರ್‌ಬಿ ಅನ್ನುವ ನಕ್ಷತ್ರ ವ್ಯವಸ್ಥೆಯ ಕದನದಿಂದಲೇ ಶುರು ಮಾಡುತ್ತಾರೆ. 2014ರ ಜನವರಿ 27, 28. 75 ಟೈಟನ್, ಅಂದರೆ ಆಟದ ಅತಿ ದೊಡ್ಡ ಹಡಗುಗಳು, ಭಸ್ಮ. ಸುಮಾರು 21 ಗಂಟೆ ಕಾದಾಟ. ಬಿಲ್ ಕಟ್ಟಿಲ್ಲ, ಜಾಗ ಹೋಯಿತು, ಯುದ್ಧ ಆಯಿತು ಅಂತ ಕಥೆ. ಕೇಳಲಿಕ್ಕೆ ಮಜಾ ಉಂಟು. ಆದರೆ ಅಷ್ಟು ದೊಡ್ಡ ಎರಡು ಪಡೆಗಳು ಅಲ್ಲಿ ಎದುರುಬದುರು ನಿಂತದ್ದು ಯಾಕೆ ಅಂತ ಕೇಳಿದರೆ ಎಲ್ಲರೂ ಆರು ತಿಂಗಳು ಹಿಂದಿನ ಫೌಂಟೇನ್ ಯುದ್ಧದ ಕಡೆ ಕೈ ತೋರಿಸುತ್ತಾರೆ. ಅದು ಯಾಕೆ ಶುರುವಾಯಿತು, ಮೊದಲ ವಾರಗಳಲ್ಲಿ ಎಂತ ಆಯಿತು ಅಂತ ಕನ್ನಡದಲ್ಲಿ ಒಮ್ಮೆ ಮಾತಾಡುವ ಅಲ್ವಾ? ಆಗ ಆಡಿದವರು ಇಲ್ಲಿ ಒಂದಿಬ್ಬರು ಇದ್ದೀರಿ ಅಂತ ಗೊತ್ತು.

ಮುಳ್ಳೇರಿಯ_ಆಲ್ಫಾ
ನಾನು ಹೊಸಬ. ಬಿಟ್ಟಿ ಖಾತೆ. ಒಂದು ಫ್ರಿಗೇಟ್ ಇಟ್ಟುಕೊಂಡು ಹೈ-ಸೆಕ್‌ನಲ್ಲಿ ಕಲ್ಲು ಅಗೆಯುವವ. ಸಿಎಫ್‌ಸಿ, ಟೆಸ್ಟ್, ಎನ್3 ಅಂತ ಹೇಳಿದರೆ ನನಗೆ ರೇಷನ್ ಕಾರ್ಡಿನ ಬಣ್ಣ ಹೇಳಿದ ಹಾಗೆ ಕೇಳುತ್ತದೆ. ದಯವಿಟ್ಟು ಬುಡದಿಂದ ಹೇಳಿ.

ಪೆರ್ಲದ_ಮಾಷ್ಟ್ರು
ಬುಡದಿಂದಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಈವ್‌ನಲ್ಲಿ ಚೀನಾದವರನ್ನು ಬಿಟ್ಟರೆ ಎಲ್ಲರೂ ಒಂದೇ ಸರ್ವರ್. 2003ರಿಂದ ಹಾಗೆಯೇ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ ನಡೆಸುತ್ತದೆ. ಸಾವಿರಾರು ನಕ್ಷತ್ರ ವ್ಯವಸ್ಥೆಗಳು ಉಂಟು. ಮಧ್ಯದಲ್ಲಿ ಪೊಲೀಸ್ ಇರುವ ಜಾಗ, ಅದು ಹೈ-ಸೆಕ್. ಹೊರಗೆ ಹೋದಂತೆ ಕಾನೂನು ಇಲ್ಲ. ಆ ಹೊರಗಿನ ಜಾಗಕ್ಕೆ ನಲ್-ಸೆಕ್ ಅಂತ ಹೆಸರು. ಅಲ್ಲಿ ಆಟಗಾರರ ಕೂಟಗಳು ತಮ್ಮ ಬಾವುಟ ನೆಟ್ಟು ಆಳುತ್ತವೆ.

2013ರಲ್ಲಿ ಉತ್ತರದಲ್ಲಿ ದೊಡ್ಡ ಶಕ್ತಿ ಸಿಎಫ್‌ಸಿ ಅನ್ನುವ ಮಹಾಕೂಟ. ಅದರ ನಡುವೆ ಗೂನ್‌ಸ್ವಾರ್ಮ್, ನಾಯಕ ದಿ ಮಿಟ್ಟಾನಿ. ಅವರ ಪಶ್ಚಿಮಕ್ಕೆ, ಸ್ವಲ್ಪ ಕೆಳಗೆ, ಫೌಂಟೇನ್ ಅಂತ ಒಂದು ಪ್ರದೇಶ. ಅದು ಟೆಸ್ಟ್ ಅಲಯನ್ಸ್ ಕೈಯಲ್ಲಿತ್ತು. ರೆಡ್ಡಿಟ್‌ನಿಂದ ಬಂದ ಹುಡುಗರ ಕೂಟ ಅದು. ಇವರಿಬ್ಬರು ಮೊದಲು ಗೆಳೆಯರು. ಟೆಸ್ಟ್ ಚಿಕ್ಕದಿದ್ದಾಗ ಬೆನ್ನಿಗೆ ನಿಂತದ್ದೇ ಗೂನ್‌ಗಳು.

ಈಗ ಚಂದ್ರನ ವಿಷಯ. ಆಗ ಚಂದ್ರನಿಂದ ಖನಿಜ ತೆಗೆಯಲು ಯಾರೂ ಕೂತು ಅಗೆಯಬೇಕಾಗಿರಲಿಲ್ಲ. ಚಂದ್ರನ ಪಕ್ಕದಲ್ಲಿ ಒಂದು ಟವರ್ ನಿಲ್ಲಿಸಿ, ಇಂಧನ ತುಂಬಿ, ಹಾರ್ವೆಸ್ಟರ್ ಹಾಕಿದರೆ ಸಾಕು. ಮಲಗಿದ್ದರೂ ಖನಿಜ ಬರುತ್ತಿತ್ತು. ಟೆಕ್ ಟೂ, ಅಂದರೆ ಮೇಲ್ದರ್ಜೆಯ ಹಡಗು, ಆಯುಧ ಯಾವುದಕ್ಕೂ ಆ ಖನಿಜ ಬೇಕು. ಎಲ್ಲ ಚಂದ್ರನಲ್ಲೂ ಒಳ್ಳೇದು ಇರುವುದಿಲ್ಲ. ಆರ್64 ಅಂದರೆ ಅಪರೂಪದ್ದು: ಡಿಸ್ಪ್ರೋಸಿಯಂ, ನಿಯೋಡಿಮಿಯಂ, ಪ್ರೊಮೀಥಿಯಂ, ಥುಲಿಯಂ. ಅದಕ್ಕಿಂತ ಕೆಳಗೆ ಆರ್32. ಟೆಕ್ನೀಷಿಯಂ ಅದರಲ್ಲಿ ಒಂದು, ಚಿಕ್ಕದಾಗಿ ಟೆಕ್ ಅನ್ನುತ್ತಾರೆ.

ಲೆಕ್ಕಪ್ರಕಾರ ಟೆಕ್ನೀಷಿಯಂ ಎರಡನೇ ದರ್ಜೆ. ಆದರೆ ಬಹುಪಾಲು ಟೆಕ್ ಟೂ ವಸ್ತುವಿಗೆ ಅದು ಬೇಕಾಗಿತ್ತು, ಸಿಗುತ್ತಿದ್ದದ್ದು ಹೆಚ್ಚಾಗಿ ಉತ್ತರದಲ್ಲಿ. ಹಾಗಾಗಿ ಬೆಲೆ ಆಕಾಶಕ್ಕೆ. 2012ರಲ್ಲಿ ಟೆಕ್ ಇದ್ದ ದೊಡ್ಡ ಕೂಟಗಳು ಒಟೆಕ್ ಅಂತ ಒಪ್ಪಂದ ಮಾಡಿಕೊಂಡವು. ನಿಮ್ಮ ಚಂದ್ರನಿಗೆ ನಾವು ಬರುವುದಿಲ್ಲ, ನಮ್ಮದಕ್ಕೆ ನೀವು ಬರಬೇಡಿ, ಬೆಲೆ ಮೇಲೆಯೇ ಇರಲಿ. ಎಣ್ಣೆ ದೇಶಗಳ ಒಪೆಕ್ ನೋಡಿಯೇ ಆ ಹೆಸರು.

2013ರ ಜೂನ್ 4ಕ್ಕೆ ಒಡಿಸ್ಸಿ ಅಪ್‌ಡೇಟ್ ಬಂತು. ಚಂದ್ರನ ಖನಿಜದ ಹಂಚಿಕೆಯನ್ನೂ, ತಯಾರಿಕೆಗೆ ಎಷ್ಟು ಬೇಕೆಂಬ ಲೆಕ್ಕವನ್ನೂ ಸಿಸಿಪಿ ಬದಲಿಸಿತು. ಟೆಕ್ನೀಷಿಯಂ ಬಿತ್ತು. ಆರ್64 ಎದ್ದಿತು. ಫೌಂಟೇನ್‌ನಲ್ಲಿ ಆರ್64 ಚಂದ್ರರು ಇದ್ದರು. ಅದೇ ತಿಂಗಳು ಸಿಎಫ್‌ಸಿ ಫೌಂಟೇನ್ ಮೇಲೆ ಬಿತ್ತು.

ಇದರಲ್ಲಿ ಬೇರೆ ರಹಸ್ಯ ಹುಡುಕಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ಬದಿಯಡ್ಕ_ಗಣಿಗಾರ್ತಿ
ಹೊಸಬರಿಗೆ ಒಂದು ಮಾತು. ನಮ್ಮ ಕಡೆ ಒಂದೇ ಬೆಟ್ಟಿನಲ್ಲಿ ಬೆಳೆಯುವ ಅಡಿಕೆಯ ತಳಿಗೆ ಮಾತ್ರ ಸಂಸ್ಕರಣೆಯವರು ಹಣ ಕೊಡುತ್ತಾರೆ ಅಂತ ಇಟ್ಟುಕೊಳ್ಳಿ. ಒಂದು ಬೆಳಿಗ್ಗೆ ಆ ನಿಯಮ ಬದಲಾಗಿ ಪಕ್ಕದ ಬೆಟ್ಟಿನ ಅಡಿಕೆಗೆ ರೇಟು ಬಂದರೆ? ಮೊದಲಿನ ತೋಟದವರಿಗೆ ತೋಟ ಉಂಟು, ಆಳು ಉಂಟು, ಸಾಲವೂ ಉಂಟು. ಆದಾಯ ಇಲ್ಲ. ಟೆಕ್ ವಿಷಯದಲ್ಲಿ ಆದದ್ದು ಅದೇ.

ಮಾಷ್ಟ್ರೇ, ಒಂದು ಸೇರಿಸಬೇಕು. ಬೆಲೆ ಒಡಿಸ್ಸಿಗಿಂತ ಮೊದಲೇ ಇಳಿಯಲು ಶುರುವಾಗಿತ್ತು. 2012ರಲ್ಲೇ ಟೆಕ್‌ಗೂ ಆಲ್ಕೆಮಿ ಬಂದಿತ್ತು. ಅಗ್ಗದ ಖನಿಜವನ್ನು ಸುತ್ತಿಬಳಸಿ ಟೆಕ್ ಬದಲಿಗೆ ಬಳಸುವ ದಾರಿ. ಲಾಭ ಕಡಿಮೆ, ಆದರೆ ಬೆಲೆಗೆ ಒಂದು ಮುಚ್ಚಳ ಬಿತ್ತು. ಬುದ್ಧಿ ಇದ್ದ ಖಜಾಂಚಿಗಳಿಗೆ ಆಗಲೇ ಗೊತ್ತಾಗಿರಬೇಕು, ಈ ಸುಖ ಜಾಸ್ತಿ ದಿನ ಇಲ್ಲ ಅಂತ.

ಉಪ್ಪಳ_ಸ್ಕೌಟ್
ಮಾಷ್ಟ್ರು ಚಂದ್ರನನ್ನೇ ಹಿಡಿದುಕೊಂಡಿದ್ದಾರೆ. ನಾನು ಆಗ ಟೆಸ್ಟ್‌ನಲ್ಲಿದ್ದೆ. ನಮ್ಮ ಕಡೆಯಿಂದ ನೋಡಿದರೆ ಬೇರೆ ಕಾಣುತ್ತದೆ.

ಗೆಳೆತನ ಕೆಟ್ಟದ್ದು ಜೂನ್‌ನಲ್ಲಿ ಅಲ್ಲ. 2012ರಲ್ಲೇ ಟೆಸ್ಟ್ ಬೇರೆ ಮನೆ ಮಾಡಿತು. ಪ್ಯಾಂಡೆಮಿಕ್ ಲೀಜನ್ ಅನ್ನುವ ಇನ್ನೊಂದು ಪಡೆಯ ಜೊತೆ ಸೇರಿ ಹನಿಬ್ಯಾಜರ್ ಕೂಟ ಕಟ್ಟಿತು. ನಿನ್ನೆವರೆಗೆ ತಮ್ಮ ಅನ್ನಿಸಿಕೊಂಡವ ಇವತ್ತು ಬೇರೆ ಚಾವಡಿಯಲ್ಲಿ ಕೂತರೆ ಅಣ್ಣನಿಗೆ ಹೇಗಾಗುತ್ತದೆ? 2013ರ ಜನವರಿಯಲ್ಲಿ ಅಸಕಾಯ್ ಕದನ ಆಯಿತು. ಸಿಎಫ್‌ಸಿಯ ಒಬ್ಬ ಟೈಟನ್ ಪೈಲಟ್ ತಾನು ಇದ್ದಲ್ಲೇ ಇದ್ದು ತನ್ನ ಪಡೆಯನ್ನು ಮಾತ್ರ ದೂರಕ್ಕೆ ಕಳಿಸುವ (ಬ್ರಿಜ್ ಮಾಡುವ) ಬದಲು ತಾನೇ ಹಾರಿ ನಡುವೆ ಬಿದ್ದ. ಒಂದು ಬಟನ್ ಮಾರಾಯ್ರೆ, ಒಂದೇ ಬಟನ್! ಅವನನ್ನು ಉಳಿಸಲು ಇವರು ಬಂದರು, ತಿನ್ನಲು ಎಲ್ಲ ಕಡೆಯವರೂ ಬಂದರು. ಸಿಎಫ್‌ಸಿ ಮೂರು ಟೈಟನ್ ಕಳೆದುಕೊಂಡಿತು. ಹೊಡೆದವರಲ್ಲಿ ನಮ್ಮವರೂ ಇದ್ದರು. ಆ ಲೆಕ್ಕ ಯಾರೂ ಮರೆತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಹನಿಬ್ಯಾಜರ್ ಕೂಟವೂ ಒಡೆಯಿತು. ಟೆಸ್ಟ್ ಒಂಟಿ. ಹೊಡೆಯುವುದಾದರೆ ಇದೇ ಸಮಯ ಅಂತ ಯಾರಿಗಾದರೂ ಅನಿಸುತ್ತದೆ. ಚಂದ್ರ ಒಂದು ನೆಪ.

ಪೆರ್ಲದ_ಮಾಷ್ಟ್ರು
ಸ್ಕೌಟ್ ಅವರೇ, ನೆಪ ಅಂದರೆ ಒಳಗೆ ಒಂದು, ಹೊರಗೆ ಒಂದು ಇರಬೇಕು. ಇಲ್ಲಿ ಹಾಗಿರಲಿಲ್ಲ. ಗೂನ್ ನಾಯಕತ್ವ ಚಂದ್ರನ ಆದಾಯಕ್ಕೇ ಹೋಗುತ್ತಿದ್ದೇವೆ ಅಂತ ಬಹಿರಂಗವಾಗಿಯೇ ಹೇಳಿತು. ಮಾನ, ಸೇಡು, ನ್ಯಾಯ ಅಂತ ಬಣ್ಣ ಬಳಿಯಲಿಲ್ಲ. ನನಗೆ ಆಗ ಅದೇ ಆಶ್ಚರ್ಯ. ನಲ್-ಸೆಕ್‌ನಲ್ಲಿ ಯುದ್ಧಕ್ಕೆ ಮೊದಲು ಎದುರಾಳಿ ಎಷ್ಟು ಕೆಟ್ಟವ ಅಂತ ಪುಟಗಟ್ಟಲೆ ಬರೆಯುವುದು ರೂಢಿ.

ಉಪ್ಪಳ_ಸ್ಕೌಟ್
ಬಾಯಿಬಿಟ್ಟು ಹೇಳಿದ ಮಾತ್ರಕ್ಕೆ ಅದು ಪೂರ್ತಿ ಸತ್ಯ ಆಗುತ್ತದಾ? "ದುಡ್ಡಿಗಾಗಿ ಬಂದಿದ್ದೇವೆ" ಅನ್ನುವುದೂ ಒಂದು ಪೋಸು. ಎದುರಿನವನಿಗೆ ಹೆಚ್ಚು ಉರಿಯುವುದು ಅದೇ ಮಾತಿಗೆ.

ಮುಳ್ಳೇರಿಯ_ಆಲ್ಫಾ
ನನಗೆ ಅರ್ಥವಾಗದ್ದು: ಖಜಾನೆಗೆ ಹಣ ಬಂದರೆ ನಾಯಕರಿಗೆ ಲಾಭ. ಸಾಮಾನ್ಯ ಪೈಲಟ್ ಯಾಕೆ ನಿದ್ದೆ ಬಿಟ್ಟು ಹೋಗಿ ಸಾಯಬೇಕು? ಅವನಿಗೆ ಚಂದ್ರನಲ್ಲಿ ಪಾಲು ಉಂಟಾ?

ಪೆರ್ಲದ_ಮಾಷ್ಟ್ರು
ಆಲ್ಫಾ, ನಿನ್ನ ಪ್ರಶ್ನೆಯಲ್ಲೇ ಎಲ್ಲ ಉಂಟು.

ಪಾಲು ನೇರವಾಗಿ ಇಲ್ಲ. ಆದರೆ ಯುದ್ಧದಲ್ಲಿ ನೀನು ಹಡಗು ಕಳೆದುಕೊಂಡರೆ ಕೂಟ ಹಣ ಕೊಡುತ್ತದೆ. ಅದಕ್ಕೆ ಎಸ್‌ಆರ್‌ಪಿ ಅನ್ನುತ್ತಾರೆ, ಹಡಗು ಪರಿಹಾರ ಯೋಜನೆ. ಅಧಿಕೃತ ಕಾರ್ಯಾಚರಣೆ, ಹೇಳಿದ ಹಡಗು, ಹೇಳಿದ ಫಿಟ್ಟಿಂಗ್ ಆಗಿರಬೇಕು. ಸತ್ತರೆ ಅರ್ಜಿ ಹಾಕು, ಹಣ ಬರುತ್ತದೆ. ಮರುದಿನ ಮತ್ತೆ ಹೊರಡಬಹುದು.

ಇದು ಇಲ್ಲದಿದ್ದರೆ ಏನಾಗುತ್ತದೆ? ಎರಡು ಹಡಗು ಹೋದ ಮೇಲೆ ಹುಡುಗ ಲಾಗಿನ್ ಆಗುವುದೇ ಇಲ್ಲ. ಕಮಾಂಡರ್ ಕರೆದರೂ ಮನೆಯಲ್ಲಿ ಕೆಲಸ ಉಂಟು ಅನ್ನುತ್ತಾನೆ. ಸಿಎಫ್‌ಸಿಯ ಬಲ ಟೈಟನ್‌ಗಳಲ್ಲಿ ಮಾತ್ರ ಇರಲಿಲ್ಲ. ಸಾವಿರಾರು ಸಾಮಾನ್ಯ ಜನ ಹೆದರದೆ ಸಾಯಲು ಬರುತ್ತಿದ್ದರು, ಅದರಲ್ಲಿ ಇತ್ತು. ಆ ಧೈರ್ಯದ ಖರ್ಚು ಟೆಕ್ ಚಂದ್ರರಿಂದ ಬರುತ್ತಿತ್ತು. ಟೆಕ್ ಬಿದ್ದ ದಿನ ನಾಯಕರ ಎದುರು ಇದ್ದ ಪ್ರಶ್ನೆ "ನಾವು ಶ್ರೀಮಂತರಾಗಿ ಉಳಿಯುತ್ತೇವಾ" ಅಂತ ಅಲ್ಲ. "ಮುಂದಿನ ವರ್ಷ ನಮ್ಮ ಜನ ಯುದ್ಧಕ್ಕೆ ಬರುತ್ತಾರಾ" ಅಂತ.

ಹಾಗಾಗಿ ಚಂದ್ರನಿಗಾಗಿ ಅಂದಾಗ ದುರಾಸೆ ಅಂತ ಮಾತ್ರ ಓದಬೇಡಿ. ಸೈನ್ಯವನ್ನು ಸೈನ್ಯವಾಗಿ ಉಳಿಸಿಕೊಳ್ಳಲು ಇನ್ನೊಬ್ಬರ ಜಾಗಕ್ಕೆ ಕೈ ಹಾಕಿದರು. ಸರಿ ಅಂತ ನಾನು ಹೇಳುತ್ತಿಲ್ಲ.

ಬದಿಯಡ್ಕ_ಗಣಿಗಾರ್ತಿ
ಇದನ್ನು ಒಪ್ಪುತ್ತೇನೆ. ಇದೇ ಕಾರಣಕ್ಕೆ ಆ ವರ್ಷ ಬಾಡಿಗೆ ಸಾಮ್ರಾಜ್ಯಗಳು ಬೆಳೆದದ್ದೂ ಹೌದು. ಎನ್3 ಅನ್ನುವ ಇನ್ನೊಂದು ಮಹಾಕೂಟದ ಕಡೆಯಲ್ಲಿ ನಾರ್ದರ್ನ್ ಅಸೋಸಿಯೇಟ್ಸ್, ಪ್ಯಾಂಡೆಮಿಕ್ ಲೀಜನ್ ಕಡೆಯಲ್ಲಿ ಬ್ರದರ್ಸ್ ಆಫ್ ತಂಗ್ರಾ. ಚಂದ್ರನ ಹಣ ನಿಂತಾಗ ಒಬ್ಬರು ಜಾಗ ಬಾಡಿಗೆಗೆ ಕೊಟ್ಟರು, ಇನ್ನೊಬ್ಬರು ಬೇರೆಯವರ ಚಂದ್ರನ ಹಿಂದೆ ಹೋದರು. ರೋಗ ಒಂದೇ, ಮದ್ದು ಎರಡು. ಆಮೇಲೆ ಸಿಎಫ್‌ಸಿಯೂ ಬಾಡಿಗೆ ಶುರು ಮಾಡಿತು, ನೆನಪಿರಲಿ.

ನಾನು ಅಂಥ ಬಾಡಿಗೆದಾರಳಾಗಿದ್ದೆ. ನಮ್ಮನ್ನು ಯಾರೂ ಯುದ್ಧ ಬೇಕಾ ಅಂತ ಕೇಳಿದ್ದಿಲ್ಲ. ತಿಂಗಳ ಬಾಡಿಗೆ ಮಾತ್ರ ಸರಿಯಾಗಿ ಕೇಳುತ್ತಿದ್ದರು. ಇತಿಹಾಸ ಬರೆಯುವವರು ಕಮಾಂಡರ್‌ಗಳ ಹೆಸರು ಬರೆಯುತ್ತಾರೆ, ಟವರಿಗೆ ಇಂಧನ ಹೊತ್ತವರನ್ನು ಬರೆಯುವುದಿಲ್ಲ. ಇರಲಿ, ಅದು ಬೇರೆ ಹೊಟ್ಟೆಯುರಿ.

ಕುಂಬಳೆ_ಕೋಟೆ
ಗಣಿಗಾರ್ತಿ ಅಕ್ಕ, ಆ ಹೊಟ್ಟೆಯುರಿಗೆ ಇನ್ನೊಂದು ಎಳೆ ಶುರು ಮಾಡಿ, ಓದಲು ನಾವಿದ್ದೇವೆ. ಈಗ ಯುದ್ಧ ಹೇಗೆ ಮುಂದುವರಿಯಿತು ಅಂತ ಹೇಳುವವರು ಯಾರು? ನಕ್ಷೆಯಲ್ಲಿ ಬಣ್ಣ ಬದಲಾದದ್ದು ಮಾತ್ರ ಕಾಣುತ್ತದೆ. ನಡುವೆ ಎಂತ ಆಯಿತು ಅಂತ ಗೊತ್ತಾಗುವುದಿಲ್ಲ.

ಉಪ್ಪಳ_ಸ್ಕೌಟ್
ನಾನು ಹೇಳುತ್ತೇನೆ. ಸೋತವರಿಗೆ ನೆನಪು ಜಾಸ್ತಿ.

ಆಗಿನ ನಿಯಮ ಡೊಮಿನಿಯನ್ ಕಾಲದ್ದು. 2009ರ ಕೊನೆಯಲ್ಲಿ ಬಂದದ್ದು. ಒಂದು ವ್ಯವಸ್ಥೆ ಕಸಿಯಬೇಕಾದರೆ ಒಂದು ರಾತ್ರಿಯಲ್ಲಿ ಆಗುವುದಿಲ್ಲ. ಮೊದಲು ಅಲ್ಲಿನ ಗೇಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಹತ್ತಿರ ಎಸ್‌ಬಿಯು ಅಂತ ತಡೆಗಟ್ಟುವ ಯಂತ್ರ ನಿಲ್ಲಿಸಬೇಕು. ಆಮೇಲೆ ಸ್ಟೇಷನ್, ಐಹಬ್ ಅನ್ನುವ ಕಟ್ಟಡ ಎಲ್ಲ ಹೊಡೆಯಬೇಕು. ಹೊಡೆದರೆ ಅವು ರೀಇನ್ಫೋರ್ಸ್ ಆಗುತ್ತವೆ. ಅಂದರೆ ಒಂದು ಗಡಿಯಾರ ಶುರುವಾಗುತ್ತದೆ. ಅದು ಮುಗಿಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಮುಗಿಯುವ ಹೊತ್ತಿಗೆ ಎರಡೂ ಕಡೆಯವರು ಹಾಜರು. ಅಲ್ಲಿ ಕದನ. ಚಂದ್ರನ ಟವರ್ ಆದರೂ ಹಾಗೆಯೇ. ಒಳಗೆ ಸ್ಟ್ರಾಂಷಿಯಂ ಎಷ್ಟು ತುಂಬಿದ್ದೀರೋ ಅಷ್ಟು ಹೊತ್ತು ಉಳಿಯುತ್ತದೆ.

ಹಾಗಾಗಿ ಆ ಯುದ್ಧದ ಮೊದಲ ಭಾಗ ಅಂದರೆ ಬಹುಪಾಲು ಅಲಾರಂ ಯುದ್ಧ. ಯೂರೋಪಿನವರ ಸಂಜೆ ನಮಗೆ ನಡುರಾತ್ರಿ. ಸರ್ವರ್ ಗಡಿಯಾರದಲ್ಲಿ 20:00 ಅಂದರೆ ಇಲ್ಲಿ ರಾತ್ರಿ ಒಂದೂವರೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವನಿಗೆ ಎಷ್ಟು ದಿನ ಸಾಧ್ಯ? ಗೋಲಿ ಹೊಡೆಯದ ಕಟ್ಟಡಕ್ಕೆ ಗಂಟೆಗಟ್ಟಲೆ ಗುಂಡು ಹಾರಿಸುವುದು, ಇಲ್ಲವೇ ಅದನ್ನು ರಿಪೇರಿ ಮಾಡುವುದು. ವೀಡಿಯೋದಲ್ಲಿ ಇದನ್ನು ಯಾರೂ ಹಾಕುವುದಿಲ್ಲ.

ಮೊದಲ ವಾರಗಳಲ್ಲಿ ನಾವು ಒಂಟಿಯಾಗಿರಲಿಲ್ಲ. ಎನ್3 ಬೆಂಬಲಕ್ಕೆ ಬಂತು. ಪ್ಯಾಂಡೆಮಿಕ್ ಲೀಜನ್ ಸಹ ನಮ್ಮ ಕಡೆ ಹೋರಾಡಿತು. ಗೆಲ್ಲುತ್ತೇವೆ ಅಂತ ನಂಬಿದ ರಾತ್ರಿಗಳೂ ಇದ್ದವು. ಆದರೆ ಸಹಾಯಕ್ಕೆ ಬಂದವರಿಗೆ ಅವರದೇ ಮನೆ, ಅವರದೇ ಜಗಳ ಉಂಟು. ಸಿಎಫ್‌ಸಿಗೆ ಯೂರೋಪಿನ ಆ ಬೇಸಗೆಯಲ್ಲಿ ಬೇರೆ ಕೆಲಸ ಇರಲಿಲ್ಲ. ಮಾಷ್ಟ್ರು ಹೇಳಿದ ಪರಿಹಾರದ ಹಣ ಇಲ್ಲಿ ಕಂಡದ್ದು ಸತ್ಯ. ನಾವು ಹತ್ತು ಹಡಗು ಉರುಳಿಸಿದರೆ ಮರುದಿನ ಅದೇ ಹತ್ತು ಜನ, ಅದೇ ಮೆಗಾಥ್ರಾನ್. ಅದೇ ಹಾಡು ಹಾಕಿಕೊಂಡು ಬರುತ್ತಿದ್ದರೋ ಏನೋ.

ಮುಳ್ಳೇರಿಯ_ಆಲ್ಫಾ
ಮೆಗಾಥ್ರಾನ್ ಯಾಕೆ? ಟೈಟನ್ ಇದ್ದಾಗ ಅದರಲ್ಲೇ ಹೊಡೆಯಬಾರದಾ?

ಪೆರ್ಲದ_ಮಾಷ್ಟ್ರು
ಮೆಗಾಥ್ರಾನ್ ಸಾಮಾನ್ಯ ಬ್ಯಾಟಲ್‌ಶಿಪ್. ಸಿಎಫ್‌ಸಿಯ ಬಾಲ್ಟೆಕ್ ಫ್ಲೀಟ್ ಅದರ ಸುತ್ತಲೇ ಕಟ್ಟಿದ್ದು. ಹೋದರೆ ಪರಿಹಾರ ಕೊಡುವುದು ಸುಲಭ, ಓಡಿಸಲು ತಿಂಗಳುಗಟ್ಟಲೆ ತರಬೇತಿಯೂ ಬೇಡ. ಟೈಟನ್ ಹೊರಗೆ ತೆಗೆದರೆ ಅದು ಹೋಗುವ ಭಯ ಉಂಟು. ಅಸಕಾಯ್ ಆಗಿ ಆರು ತಿಂಗಳು ಆಗಿತ್ತಷ್ಟೆ.

ಕುಂಬಳೆ_ಕೋಟೆ
6ವಿಡಿಟಿ-ಎಚ್ ಬಗ್ಗೆ ಹೇಳಲೇ ಇಲ್ಲ!

ಉಪ್ಪಳ_ಸ್ಕೌಟ್
ಬರುತ್ತೇನೆ, ತಡೆ ಮಾರಾಯ.

6ವಿಡಿಟಿ-ಎಚ್ ಫೌಂಟೇನ್‌ನಲ್ಲಿ ನಮ್ಮ ಮನೆ. ಎಲ್ಲರ ಹಡಗು, ಸಾಮಾನು, ಉಳಿತಾಯ ಅಲ್ಲಿನ ಸ್ಟೇಷನ್ನಿನಲ್ಲಿ. ಜುಲೈ 28, ಭಾನುವಾರ. ಅಲ್ಲಿನ ಕೊನೆಯ ಗಡಿಯಾರ ಮುಗಿಯುವ ದಿನ. ಹೋದರೆ ಸ್ಟೇಷನ್ನಿನ ಬಾಗಿಲೇ ನಮಗೆ ಬಂದ್. ಒಳಗೆ ಇದ್ದದ್ದು ಒಳಗೇ.

ಆ ದಿನ ಒಂದೇ ವ್ಯವಸ್ಥೆಯಲ್ಲಿ ಏಕಕಾಲಕ್ಕೆ 4,070 ಪೈಲಟ್‌ಗಳು. ಆಗ ಅದು ದಾಖಲೆ. ಅಷ್ಟು ಜನ ಸೇರಿದರೆ ಸರ್ವರ್ ಉಸಿರುಗಟ್ಟುತ್ತದೆ. ಹಾಗಾಗಬಾರದು ಅಂತ ಸಿಸಿಪಿ ಟೈಮ್ ಡೈಲೇಶನ್ ಇಟ್ಟಿದೆ. ಆಟದ ಕಾಲವನ್ನೇ ನಿಧಾನ ಮಾಡುವುದು. ಆ ದಿನ ಶೇಕಡಾ 10ಕ್ಕೆ ಇಳಿದಿತ್ತು. ಆಟದ ಒಂದು ನಿಮಿಷಕ್ಕೆ ನಮ್ಮ ಹತ್ತು ನಿಮಿಷ. ಗುಂಡು ಹಾರಿಸಲು ಬಟನ್ ಒತ್ತಿ ಚಹಾ ಮಾಡಿ ಬಂದರೂ ಗುಂಡು ಹೊರಟಿರುವುದಿಲ್ಲ.

ನಮಗೆ ಇಲ್ಲಿ ಆಟಿ ತಿಂಗಳು. ಗಾಳಿ, ಮಳೆ, ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಕರೆಂಟು ಹೋಯಿತು. ಇನ್ವರ್ಟರ್ ಮೋಡೆಮಿಗೆ ಸಾಕಾಯಿತು, ಕಂಪ್ಯೂಟರಿಗೆ ಸಾಕಾಗಲಿಲ್ಲ. ಯುದ್ಧದಲ್ಲಿ ಗುಂಡು ಹಾರಿಸಿದ ಮೇಲೆ ಲೈನ್ ಕಡಿದರೂ ಹಡಗು ಮಾಯ ಆಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಕರೆಂಟು ಬಂದಾಗ ಹಡಗೂ ಇಲ್ಲ, ಪೈಲಟ್ ಕೂರುವ ಪಾಡೂ ಇಲ್ಲ. ಎಲ್ಲೋ ದೂರದ ಸ್ಟೇಷನ್ನಿನಲ್ಲಿ ಹೊಸ ದೇಹದಲ್ಲಿ ಎದ್ದೆ. ಕದನ ಮಾತ್ರ ಇನ್ನೂ ನಡೆಯುತ್ತಿತ್ತು. ಅದೊಂದು ಲಾಭ ಟೈಮ್ ಡೈಲೇಶನ್‌ನಿಂದ, ಏನನ್ನೂ ತಪ್ಪಿಸಿಕೊಂಡ ಹಾಗೆ ಆಗುವುದಿಲ್ಲ.

ಸೋತೆವು. ಫೌಂಟೇನ್ ಬಿಟ್ಟು ಹೊರಟೆವು.

ಬದಿಯಡ್ಕ_ಗಣಿಗಾರ್ತಿ
ಲಕ್ಷಣವಾಗಿ ಹೇಳಿದಿರಿ. ಹಾಗಾದರೆ ಬಿ-ಆರ್ ಇದರ ಮುಂದುವರಿಕೆಯಾ?

ಪೆರ್ಲದ_ಮಾಷ್ಟ್ರು
ಮುಂದುವರಿಕೆ ಅನ್ನಬಹುದು. ಟೆಸ್ಟ್ ಬಿದ್ದ ಮೇಲೆ ಎದುರುಬದುರು ಉಳಿದವರು ಎರಡು ದೊಡ್ಡ ಕೂಟ. ಒಂದು ಕಡೆ ಎನ್3 ಮತ್ತು ಪ್ಯಾಂಡೆಮಿಕ್ ಲೀಜನ್. ಇನ್ನೊಂದು ಕಡೆ ಸಿಎಫ್‌ಸಿ ಮತ್ತು ರಷ್ಯನ್ ಕೂಟಗಳು. 2013ರ ಕೊನೆಗೆ ದಕ್ಷಿಣ-ಪೂರ್ವದಲ್ಲಿ ಹ್ಯಾಲೊವೀನ್ ಯುದ್ಧ ಶುರುವಾಯಿತು. ಇಮೆನ್ಸಿಯಾ ಪ್ರದೇಶದ ಬಿ-ಆರ್5ಆರ್‌ಬಿಯಲ್ಲಿ ಪ್ಯಾಂಡೆಮಿಕ್ ಲೀಜನ್ ಪಡೆಯ ಠಾಣೆ ಇತ್ತು. ಸಾರ್ವಭೌಮತ್ವದ ಬಿಲ್, ಅಂದರೆ ಜಾಗ ಇಟ್ಟುಕೊಳ್ಳಲು ಕಟ್ಟುವ ಹಣ, ಪಾವತಿ ಆಗಲಿಲ್ಲ. ಜಾಗ ಅನಾಥ ಆಯಿತು. ರಷ್ಯನ್ನರು ನುಗ್ಗಿದರು. 75ರಲ್ಲಿ 59 ಟೈಟನ್ ಎನ್3-ಲೀಜನ್ ಕಡೆಯದ್ದು, 16 ಮಾತ್ರ ಸಿಎಫ್‌ಸಿ-ರಷ್ಯನ್ ಕಡೆಯದ್ದು. ಒಟ್ಟು ನಷ್ಟ 11 ಟ್ರಿಲಿಯನ್ ಇಸ್ಕ್ (ಆಟದ ಹಣ) ದಾಟಿತು, ಡಾಲರ್ ಲೆಕ್ಕದಲ್ಲಿ 3 ಲಕ್ಷಕ್ಕೂ ಹೆಚ್ಚು. ಸಿಸಿಪಿ ಅಲ್ಲಿ ಟೈಟನ್‌ಗಳ ಅವಶೇಷವನ್ನೇ ಸ್ಮಾರಕವಾಗಿ ಇಟ್ಟಿದೆ. ಆಲ್ಫಾ ಹೋಗಿ ನೋಡಿ ಬರಬಹುದು, ದಾರಿಯಲ್ಲಿ ಸಾಯುವುದು ಗ್ಯಾರಂಟಿ.

ಬಿಲ್ ತಪ್ಪಿದ್ದರಿಂದ ಕದನ ಆಯಿತು. ಯುದ್ಧ ಅದಕ್ಕೂ ಮೊದಲೇ ನಡೆಯುತ್ತಿತ್ತು. ಇದೊಂದನ್ನು ಜನ ಕಲಸಿಬಿಡುತ್ತಾರೆ.

ಉಪ್ಪಳ_ಸ್ಕೌಟ್
ಮಾಷ್ಟ್ರೇ, ಒಂದು ಉಳಿಯಿತು. ಹಳೇ ಸಿಟ್ಟಿಗೆ ಬೆಲೆ ಇಲ್ಲ ಅಂದಿರಿ. 2016ರಲ್ಲಿ ಗೂನ್‌ಗಳನ್ನು ಉತ್ತರದಿಂದ ಓಡಿಸಿದವರಲ್ಲಿ ಟೆಸ್ಟ್ ಇತ್ತು. 2020ರಲ್ಲಿ ಗೂನ್‌ಗಳ ಹೊಸ ನೆಲೆ ಡೆಲ್ವ್ ಮೇಲೆ ಬಂದವರಲ್ಲೂ ಮುಂದೆ ಟೆಸ್ಟೇ. ಅಲ್ಲಿ ಚಂದ್ರ ಎಲ್ಲಿತ್ತು? 2017ರಲ್ಲೇ ಸಿಸಿಪಿ ಆ ಮಲಗಿ ಗಳಿಸುವ ಟವರ್ ಗಣಿಯನ್ನು ತೆಗೆದುಹಾಕಿ, ಕೂತು ಅಗೆಯುವ ಹಾಗೆ ಮಾಡಿಯಾಗಿತ್ತು.

ಪೆರ್ಲದ_ಮಾಷ್ಟ್ರು
2016, 2020ರಲ್ಲಿ ಸಿಟ್ಟು ಇತ್ತು, ಒಪ್ಪಿದೆ. ಆದರೆ ಆ ಸಿಟ್ಟು ಹುಟ್ಟಿದ್ದೇ ಫೌಂಟೇನ್‌ನಲ್ಲಿ. 2013ರ ಜೂನ್‌ನಲ್ಲಿ ಅದು ಎಲ್ಲಿಂದ ಬರಬೇಕು? ಅಸಕಾಯ್ ಒಂದರಿಂದ ಇಡೀ ಕೂಟ ಮನೆ ಬಿಟ್ಟು ಹೊರಡುವುದಿಲ್ಲ. ಟೆಕ್ ಮೊದಲಿನ ರೇಟಿನಲ್ಲೇ ಇದ್ದಿದ್ದರೆ ಅವರು ಆ ಬೇಸಗೆ ಫೌಂಟೇನ್‌ಗೆ ಬರುತ್ತಿದ್ದರಾ? ಇದಕ್ಕೆ ಹೌದು ಅಂತ ಹೇಳುವುದಾದರೆ ಹೇಳಿ.

ಉಪ್ಪಳ_ಸ್ಕೌಟ್
ಆ ಬೇಸಗೆ ಬರುತ್ತಿರಲಿಲ್ಲ. ಮುಂದಿನ ಬೇಸಗೆ ಬರುತ್ತಿದ್ದರು.

ಬದಿಯಡ್ಕ_ಗಣಿಗಾರ್ತಿ
ಇಬ್ಬರೂ ಇಲ್ಲೇ ಇರಿ, ನಾನು ಆಗಿನ ಟೆಕ್ ದರದ ಹಳೇ ಲೆಕ್ಕಪುಸ್ತಕ ಹುಡುಕುತ್ತೇನೆ. ಎಲ್ಲೋ ಒಂದು ಎಕ್ಸೆಲ್ ಫೈಲ್ ಇರಬೇಕು. ಬೆಲೆ ಯಾವಾಗ ಇಳಿಯಲು ಶುರುವಾಯಿತು ಅಂತ ಸಿಕ್ಕಿದರೆ ಇಲ್ಲಿ ಹಾಕುತ್ತೇನೆ.

ಮುಳ್ಳೇರಿಯ_ಆಲ್ಫಾ
ಅಷ್ಟರವರೆಗೆ ಯಾರಾದರೂ ನನಗೆ ಒಂದು ಮೆಗಾಥ್ರಾನ್ ಕೊಡಿಸುತ್ತೀರಾ? ಹೋದರೆ ಪರಿಹಾರ ಕೇಳುವುದಿಲ್ಲ, ಆಣೆ.

ಪೆರ್ಲದ_ಮಾಷ್ಟ್ರು
ಮೊದಲು ಕ್ರೂಸರ್ ಓಡಿಸಲು ಕಲಿ. ದಿನಾ ಸಂಜೆ ನಾಲ್ಕೂವರೆಗೆ ಸರ್ವರ್ ನಿತ್ಯದ ವಿಶ್ರಾಂತಿಗೆ ಹೋಗುತ್ತದೆ, ಅದು ಮುಗಿದ ಮೇಲೆ ಬಾ. ಶಾಲೆ ಬಿಟ್ಟಿರುತ್ತದೆ, ನಾನೂ ಇರುತ್ತೇನೆ.